ಲೋಟದ ತಳದ ಸಕ್ಕರೆ

ಒದ್ದೆ ದುಪ್ಪಟಿಯ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ಮಗಳ ಕೈಯಲ್ಲಿ. ನಮ್ಮ ಬಾಲ್ಕನಿಯಲ್ಲಿ ಇಬ್ಬರು ಎದುರುಬದುರು ನಿಂತರೆ ಮೂರನೆಯವರಿಗೆ ಕಾಲಿಡಲು ಜಾಗವಿಲ್ಲ. ನಾನು ಒಂದು ಕಡೆಗೆ ತಿರುಚಿದರೆ ಅವಳು ಇನ್ನೊಂದು ಕಡೆಗೆ ತಿರುಚಬೇಕು. ಏಳು ವರ್ಷದ ಸಣಕಲು ಕೈಗಳು. ಆದರೂ ಹಲ್ಲು ಕಚ್ಚಿ ಹಿಡಿದಿದ್ದಳು. ನೀರು ಹಗ್ಗದಂತೆ ಬಕೆಟ್ಟಿಗೆ ಇಳಿಯುತ್ತಿತ್ತು.

"ಬಿಡ್ಬೇಡ, ಇನ್ನೊಂದು ಸುತ್ತು," ಎಂದೆ.

"ಬಿಟ್ರೆ ನೀನು ಹಿಂದಕ್ಕೆ ಬಿದ್ದೋಗ್ತೀಯಾ?"

"ಬಿದ್ರೆ ಗೋಡೆ ಇದೆಯಲ್ಲ, ಹಿಡ್ಕೊಳ್ಳುತ್ತೆ."

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿತು. "ಎಷ್ಟು ಚಮಚ ಹಾಕ್ದೆ?"

"ಒಂದೇ ಅಮ್ಮ." ಅದು ನನ್ನ ಮೈದುನ. ಬೆಳಗ್ಗೆ ಮಕ್ಕಳಿಗೆ ಹಾಲು ಕೊಡುವುದು ಅವನ ಪಾಲಿನ ಕೆಲಸ. ಮೊದಲು ಲೋಟದ ತಳಕ್ಕೆ ಸಕ್ಕರೆ, ಅದರ ಮೇಲೆ ನಿಧಾನವಾಗಿ ಹಾಲು. ಕಲಕುವ ಹಾಗಿಲ್ಲ. ಕುಡಿದು ಮುಗಿದ ಮೇಲೆ ತಳದಲ್ಲಿ ಉಳಿದ ಸಕ್ಕರೆಯನ್ನು ಚಮಚದಿಂದ ಕೆರೆದು ತಿನ್ನಬೇಕು. ಮಕ್ಕಳು ಹಾಲು ಕುಡಿಯುತ್ತಿದ್ದದ್ದೇ ಆ ಸಕ್ಕರೆಗಾಗಿ.

"ನನ್ನ ಕಣ್ಣೇನು ಕುರುಡಾ? ಎರಡು ಹಾಕ್ದೆ."

"ಮಕ್ಕಳಿಗಲ್ವಾ, ಹೋಗ್ಲಿ ಬಿಡಮ್ಮ."

"ಹೌದಪ್ಪ. ಯಾರು ಕೇಳಿದ್ರೂ ಹೋಗ್ಲಿ ಬಿಡು, ಏನು ಕೇಳಿದ್ರೂ ಹೋಗ್ಲಿ ಬಿಡು. ನಿಮ್ಮಪ್ಪನಿಗೂ ಹೀಗೇ ತಾನೇ ಕೊಟ್ಟಿದ್ದು?"

ಚಮಚದ ಸದ್ದು ನಿಂತಿತು.

ಮಾವನಿಗೆ ಸಕ್ಕರೆ ಕಾಯಿಲೆಯಿತ್ತು. ಕೊನೆಯ ದಿನಗಳಲ್ಲಿ ಅವರನ್ನು ಎತ್ತಿ ಕೂರಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲವನ್ನೂ ಮಾಡಿದವನು ಈ ಮೈದುನನೇ. ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಬಂದವನು ಅಂಗಿ ಬದಲಿಸಿ ಅಪ್ಪನ ಮಂಚದ ಪಕ್ಕ ಕೂರುತ್ತಿದ್ದ. ಒಂದು ಮಧ್ಯಾಹ್ನ ಮಾವ ಸಿಹಿ ಚಹಾ ಕೇಳಿದರು, ಇವನು ಮಾಡಿಕೊಟ್ಟ. ಅದೇ ಸಂಜೆ ಮಾವ ಹೋದರು. ಚಹಾಕ್ಕೂ ಅದಕ್ಕೂ ಸಂಬಂಧವಿಲ್ಲ, ಹೃದಯ ಸೋತಿತ್ತು ಎಂದು ಡಾಕ್ಟರು ಹೇಳಿದ್ದರು. ಅತ್ತೆ ತಲೆಯಾಡಿಸಿದ್ದರು. ವರ್ಷ ಕಳೆದರೂ ಆ ಮಾತನ್ನು ಅವರು ಒಮ್ಮೆಯೂ ಎತ್ತಿರಲಿಲ್ಲ. ಮರೆತಿದ್ದಾರೆ ಎಂದುಕೊಂಡಿದ್ದೆವು.

"ಅಪ್ಪ ನನ್ನ ಕೈ ಹಿಡ್ಕೊಂಡು ಕೇಳಿದ್ರು ಅಮ್ಮ."

"ಕೇಳ್ತಾರೆ. ರೋಗಿ ಎಲ್ಲಾ ಕೇಳ್ತಾನೆ. ಕೊಡೋನಿಗೆ ಬುದ್ಧಿ ಬೇಡ್ವಾ?"

"ಡಾಕ್ಟ್ರು ಹೇಳಿದ್ರಲ್ಲ—"

"ಡಾಕ್ಟ್ರು ನನ್ನ ಸಮಾಧಾನಕ್ಕೆ ಹೇಳಿದ್ದು. ನಿನ್ನ ಕೈ ನೋಡಿದಾಗಲೆಲ್ಲಾ ನಂಗೆ ಆ ಲೋಟ ಕಾಣುತ್ತೆ, ಗೊತ್ತಾ?"

"ಹಾಗಾದ್ರೆ ನಾನು ಹೊರಟೋಗ್ಲಾ?"

"ಹೋಗು! ಎಲ್ಲಿಗಾದ್ರೂ ಹೋಗು. ಸಾಯೋವರೆಗೂ ಕಂಡೋರ ಪಾತ್ರೆ ತೊಳ್ಕೊಂಡು ಬಿದ್ದಿರು!"

ಮಗಳು ತನ್ನ ತುದಿಯನ್ನು ಬಿಟ್ಟಳು. ನಾನು ಹಿಂದಕ್ಕೆ ವಾಲಿ ಗೋಡೆಗೆ ಬಡಿದೆ. ದುಪ್ಪಟಿ ಇಬ್ಬರ ನಡುವೆ ನೆಲದ ಮೇಲೆ ಬಿತ್ತು.

*

ಮಧ್ಯಾಹ್ನದ ಹೊತ್ತಿಗೆ ಮೈದುನ ಒಂದು ಚೀಲ ಹಿಡಿದು ಹೊರಟುಹೋಗಿದ್ದ. ಮಗಳಿಗೆ ಕಡ್ಡಿ, ಮೂರು ವರ್ಷದ ಮಗನಿಗೆ ಗುಂಡು ಎಂದು ಹೆಸರಿಟ್ಟು ಕೂಗುತ್ತಿದ್ದವನೇ ಅವನು. ಕಡ್ಡಿ ಶಾಲೆಯಲ್ಲಿದ್ದಳು. ಗುಂಡು ಮಲಗಿದ್ದ. ಅವನ ಕೆನ್ನೆ ಮುಟ್ಟಿ, "ಅತ್ತಿಗೆ, ಏಳಿಸ್ಬೇಡಿ," ಎಂದು ಹೇಳಿ ಹೋದ.

ನನ್ನ ಗಂಡನ ಕೆಲಸ ಲಿಫ್ಟ್ ರಿಪೇರಿ. ಅಂದು ಯಾವುದೋ ಆಸ್ಪತ್ರೆಯ ಲಿಫ್ಟ್ ನಡುವೆ ಸಿಕ್ಕಿಕೊಂಡಿತ್ತಂತೆ, ಕೈಗೆ ಗ್ರೀಸು ಮೆತ್ತಿಕೊಂಡು ಸಂಜೆ ಬಂದರು. ವಿಷಯ ಕೇಳಿ ಫೋನ್ ಮಾಡಿದರು. ರಿಂಗಾಯಿತು, ಅವನು ಎತ್ತಲಿಲ್ಲ.

"ಹಸಿದ್ರೆ ಬರ್ತಾನೆ ಬಿಡು," ಎಂದರು.

"ಕ್ಯಾಂಟೀನಲ್ಲಿ ಕೆಲಸ ಮಾಡೋನು ಹಸೀತಾನಾ?" ಎಂದೆ.

ಅತ್ತೆ ಬ್ರೆಡ್ಡು ಕತ್ತರಿಸುತ್ತ ಇದ್ದವರು ಚಾಕು ಕೆಳಗಿಟ್ಟರು. "ಈ ಮನೇಲಿ ಇನ್ಮೇಲೆ ಅವನ ಸುದ್ದಿ ಎತ್ಕೂಡದು. ಎತ್ತೋದಾದ್ರೆ ನಾನು ಊಟ ಬಿಟ್ಟು ಏಳ್ತೀನಿ."

ಕಡ್ಡಿ ಬಾಗಿಲ ಬಳಿ ನಿಂತಿದ್ದಳು. "ಚಿಕ್ಕಪ್ಪ ಎಲ್ಲಿ?"

ಇವರು ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. "ಚಿಕ್ಕಪ್ಪ ದೂರ ಕೆಲಸಕ್ಕೆ ಹೋಗಿದಾನೆ ಕಣೇ."

"ತುಂಬಾ ದೂರನಾ?"

"ತುಂಬಾ ದೂರ."

ಅವಳು ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟಳು. ಮತ್ತೆ ಕೇಳಲಿಲ್ಲ. ಇಷ್ಟು ಸುಲಭವಾಗಿ ಒಪ್ಪಿಕೊಂಡಳಲ್ಲ ಎಂದು ಇವರು ನನಗೆ ಕಣ್ಣು ಮಿಟುಕಿಸಿದರು.

ಮಾವ ಹೋದಾಗಲೂ ನಾವು ಇದೇ ಮಾತು ಹೇಳಿದ್ದೆವು. ಮಕ್ಕಳನ್ನು ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯ ಯಜಮಾನಿಯ ಮನೆಗೆ ಕಳಿಸಿ, ಎಲ್ಲ ಮುಗಿದ ಮೇಲೆ ಕರೆದುಕೊಂಡು ಬಂದು, ತಾತ ದೂರ ಕೆಲಸಕ್ಕೆ ಹೋಗಿದ್ದಾರೆ ಎಂದಿದ್ದೆವು. ಎಷ್ಟೋ ದಿನ ಕಡ್ಡಿ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಆಮೇಲೆ ಅವಳ ತರಗತಿಯ ಹುಡುಗಿಯೊಬ್ಬಳು ನಿಜ ಹೇಳಿದಳು. ಅಂದು ಮನೆಗೆ ಬಂದು, ಷೂ ಬಿಚ್ಚಿ, ಜೋಡಿಸಿಟ್ಟು, "ತಾತ ಸತ್ತೋಗಿದಾರೆ. ನಂಗೆ ಗೊತ್ತು. ನೀವೇನೂ ಹೇಳ್ಬೇಡಿ," ಎಂದಳು. ಕುರ್ಚಿಯನ್ನು ತಾನೇ ಮೊದಲಿದ್ದ ಜಾಗಕ್ಕೆ ಎಳೆದು ಇಟ್ಟಳು.

*

ಅತ್ತೆ ದುಡಿದಿದ್ದೆಲ್ಲ ಒಂದು ದೊಡ್ಡ ಲಾಂಡ್ರಿಯಲ್ಲಿ. ಬಟ್ಟೆ ಎಂಥದ್ದೇ ಇರಲಿ, ಅವರ ಕೈಗೆ ಸಿಕ್ಕರೆ ಅಂಚಿಗೆ ಅಂಚು ಕೂಡಿ ಮಡಿಕೆಯಾಗುತ್ತದೆ. ಕೈ ಒರೆಸುವ ಬಟ್ಟೆಯನ್ನೂ ಅವರು ಹಾಗೇ ಬಿಸಾಡುವವರಲ್ಲ. ಹಿಂಡಿ, ತ್ರಿಕೋನವಾಗಿ ಮಡಚಿ, ಚೂಪು ತುದಿ ಕೆಳಗೆ ಬರುವಂತೆ ನಲ್ಲಿಯ ಕತ್ತಿಗೆ ಸಿಕ್ಕಿಸಬೇಕು. ನೀರು ಆ ತುದಿಯಿಂದ ತೊಟ್ಟಿಕ್ಕಿ ಬೇಗ ಒಣಗುತ್ತದೆ ಎಂದು ಅವರ ನಂಬಿಕೆ. ಇಬ್ಬರು ಗಂಡುಮಕ್ಕಳಿಗೂ ಕಿವಿ ಹಿಂಡಿ ಕಲಿಸಿದ್ದರು. ನನ್ನ ಗಂಡ ಮದುವೆಯಾದ ದಿನವೇ ಮರೆತರು. ಮೈದುನ ಮರೆಯಲಿಲ್ಲ.

ಮುಂದಿನ ಭಾನುವಾರ ಅತ್ತೆ ಅವನ ಹಾಸಿಗೆಯ ಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಅಟ್ಟದ ಮೇಲೆ ಇಟ್ಟರು. ಅವನ ಸ್ಟೀಲ್ ಲೋಟವನ್ನೂ ಎತ್ತಿಕೊಂಡು ಸ್ಟೂಲು ಹತ್ತಿದರು. ಕಡ್ಡಿ ಕೆಳಗೆ ಸ್ಟೂಲು ಹಿಡಿದಿದ್ದಳು. ಅಟ್ಟದ ಆ ಮೂಲೆಯಲ್ಲಿ ಮಾವನ ಕನ್ನಡಕದ ಡಬ್ಬಿ, ಅವರ ಊರುಗೋಲು ಇದ್ದವು.

"ಅಲ್ಲೇ ಇಡ್ತೀಯಾ ಅಜ್ಜಿ? ತಾತನ ಸಾಮಾನಿನ ಪಕ್ಕ?"

"ಇನ್ನೆಲ್ಲಿಡ್ಲಿ, ನನ್ನ ತಲೆ ಮೇಲಾ? ಸ್ಟೂಲು ಗಟ್ಟಿಯಾಗಿ ಹಿಡ್ಕೊ."

ಮರುದಿನದಿಂದ ಕಡ್ಡಿ ಹಾಲಿಗೆ ಸಕ್ಕರೆ ಬೇಡ ಎಂದಳು. ತನಗೆ ಮಾತ್ರವಲ್ಲ, ಗುಂಡುವಿಗೂ ಬೇಡ. ನಾನು ಬೆನ್ನು ತಿರುಗಿಸಿ ಅವನಿಗೆ ಹಾಕಿದರೆ ಲೋಟ ಕಸಿದುಕೊಂಡು ಹೋಗಿ ಸಿಂಕಿಗೆ ಸುರಿದುಬಿಟ್ಟಳು. ಅವನು ನೆಲದ ಮೇಲೆ ಬಿದ್ದು ಹೊರಳಾಡಿದ.

"ನೋಡು, ಇಷ್ಟುದ್ದ ಇದಾಳೆ, ಎಷ್ಟು ತಿಳುವಳಿಕೆ," ಎಂದು ಅತ್ತೆ ಮೆಚ್ಚಿಕೊಂಡರು. "ಹಲ್ಲು ಹುಳುಕಾಗಲ್ಲ."

ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಗುಂಡು "ಚಿಕ್ಕಪ್ಪಾ!" ಎಂದು ಓಡುತ್ತಿದ್ದ. ಕಡ್ಡಿ ಹಿಂದಿನಿಂದ ಹೋಗಿ ಅವನ ಬಾಯಿ ಮುಚ್ಚುತ್ತಿದ್ದಳು. ಅತ್ತೆ ಎದ್ದು ಹೋಗಬಾರದೆಂದು ಹಾಗೆ ಮಾಡುತ್ತಾಳೆ ಎಂದುಕೊಂಡೆ. ಹೆಜ್ಜೆಯ ಸದ್ದು ಅಡಗುವವರೆಗೂ ಆ ಕೈ ತೆಗೆಯುತ್ತಿರಲಿಲ್ಲ ಎಂಬುದನ್ನೂ ಕಂಡೆ. ಆದರೆ ಒಲೆಯ ಮೇಲೆ ಏನೋ ಉಕ್ಕುತ್ತಿತ್ತು, ಅಂಗಡಿಗೆ ಹೊತ್ತಾಗಿತ್ತು.

*

ಪ್ರತಿ ವರ್ಷ ಜನ ಕಡಿಮೆಯಿರುವ ಕಾಲ ನೋಡಿಕೊಂಡು ನಾವು ಸಮುದ್ರದ ದಂಡೆಯ ಹಾಸ್ಟೆಲ್ಲಿಗೆ ಹೋಗುತ್ತೇವೆ. ಹೋಟೆಲಿನ ದರ ನಮಗೆಲ್ಲಿ ಎಟುಕಬೇಕು. ಇಲ್ಲಾದರೆ ಒಂದು ಕುಟುಂಬಕ್ಕೆ ಒಂದು ಕೋಣೆ, ಒಂದರ ಮೇಲೊಂದು ಕಟ್ಟಿದ ಮಂಚಗಳು. ಹಾಸಿಗೆ ನಾವೇ ಹಾಸಿಕೊಳ್ಳಬೇಕು, ಅಡುಗೆ ನಾವೇ ಮಾಡಿಕೊಳ್ಳಬೇಕು. ಕೆಳಗೆ ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಪ್ರತಿ ಕೋಣೆಗೆ ಒಂದೊಂದು ಕಪಾಟು. ಹೊರಡುವ ದಿನ ಪ್ರತಿ ಕುಟುಂಬವೂ ಕಟ್ಟಡಕ್ಕೆ ಒಂದು ಕೆಲಸ ಮಾಡಿಕೊಟ್ಟು ಹೋಗಬೇಕು. ಈ ಸಲದ ಕೋಣೆಯನ್ನು ಮೈದುನ ಮೊದಲೇ ಫೋನ್ ಮಾಡಿ ಹೇಳಿಟ್ಟಿದ್ದ.

"ಈ ವರ್ಷ ಬೇಡ," ಎಂದರು ಅತ್ತೆ.

"ಮಕ್ಕಳು ನಕ್ಕು ಒಂದು ತಿಂಗಳಾಯ್ತಮ್ಮ," ಎಂದರು ಇವರು.

"ನಗೋಕೆ ಸಮುದ್ರ ಬೇಕಾ?"

"ನಿಂಗೆ ಬೇಡ್ದಿದ್ರೆ ನೀನು ನಗ್ಬೇಡ. ಸುಮ್ಮನೆ ಬಂದು ಕೂತ್ಕೊ."

ಬಸ್ಸಿನಲ್ಲಿ ಗುಂಡು ವಾಂತಿ ಮಾಡಿದ, ಅತ್ತೆಯ ಚೀಲದ ಮೇಲೆಯೇ. ಕಡ್ಡಿ ದಾರಿಯುದ್ದಕ್ಕೂ ಕಿಟಕಿಗೆ ಹಣೆಯೊತ್ತಿ ಕೂತಿದ್ದಳು. ಇಳಿದಾಗ ಹಣೆಯ ಮೇಲೆ ಕೆಂಪು ಗುರುತಿತ್ತು.

ಹಾಸ್ಟೆಲ್ ಮೊದಲಿನ ಹಾಗೇ ಇತ್ತು. ಉಪ್ಪುಗಾಳಿಗೆ ಸುಲಿದ ಬಣ್ಣ, ಉದ್ದನೆಯ ಓಣಿ, ಯಾರೂ ಇಲ್ಲದ ಕೋಣೆಗಳ ಬಾಗಿಲು ಗಾಳಿಗೆ ಬಡಿದುಕೊಳ್ಳುವ ಸದ್ದು. ಲಿಫ್ಟಿಗೆ "ಕೆಟ್ಟಿದೆ" ಎಂದು ಚೀಟಿ ಅಂಟಿಸಿದ್ದರು.

"ಹೋದ ವರ್ಷವೂ ಕೆಟ್ಟಿತ್ತು," ಎಂದು ಇವರು ಅದರ ಬಾಗಿಲು ಸವರಿದರು.

"ರಜಾಕ್ಕೆ ಬಂದಿದೀರಿ. ಅದನ್ನ ಮುಟ್ಟಿದ್ರೆ ನಿಮ್ಮನ್ನ ಇಲ್ಲೇ ಬಿಟ್ಟೋಗ್ತೀನಿ," ಎಂದೆ.

ವಾರ್ಡನ್ ಹೆಂಗಸು ನಮ್ಮನ್ನು ಗುರುತು ಹಿಡಿದಳು. ಏನನ್ನೋ ಹೇಳಲು ಬಾಯಿ ತೆರೆದು, ಅತ್ತೆಯ ಕಡೆ ನೋಡಿ, ಮುಚ್ಚಿಕೊಂಡಳು. ಆಮೇಲೆ ಹಾಸಿಗೆ ಬಟ್ಟೆಗಳ ಕಟ್ಟನ್ನು ಕೌಂಟರಿನ ಮೇಲೆ ಇಟ್ಟಳು. "ಆರು ಜನಕ್ಕೆ ಆರು ಜೊತೆ."

"ಐದು ಜನ ನಾವು," ಎಂದರು ಅತ್ತೆ.

"ಆರು ಅಂತ ಹೇಳಿಟ್ಟಿದ್ರು."

"ಹೇಳಿದೋನು ಬಂದಿಲ್ಲ. ಒಂದು ವಾಪಸ್ ತಗೊಳ್ಳಿ."

ಕಡ್ಡಿ ಅಷ್ಟು ಹೊತ್ತಿಗೆ ಆರನೆಯ ಜೊತೆಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ನಾವು ಕೋಣೆಗೆ ಬರುವಷ್ಟರಲ್ಲಿ ಕಿಟಕಿಯ ಪಕ್ಕದ ಮೇಲಿನ ಮಂಚ ಹತ್ತಿ ಹಾಸುತ್ತಿದ್ದಳು. ಪ್ರತಿ ವರ್ಷ ಚಿಕ್ಕಪ್ಪ ಮಲಗುತ್ತಿದ್ದ ಮಂಚ ಅದು.

"ಅಲ್ಲಿ ನೀನು ಮಲಗ್ತೀಯಾ ಪುಟ್ಟಿ?" ಎಂದೆ.

"ಇಲ್ಲ."

"ಮತ್ತೆ?"

"ಬಟ್ಟೆ ಕೊಟ್ಟಿದಾರಲ್ಲ. ಹಾಸ್ಬೇಕು." ಅಂಚಿಗೆ ಅಂಚು ಕೂಡಿಸಿ ಹಾಸಿದಳು, ಅಜ್ಜಿ ಕಲಿಸಿದ ಹಾಗೆ. ಅತ್ತೆ ನೋಡಿಯೂ ನೋಡದವರಂತೆ ಚೀಲ ಬಿಚ್ಚತೊಡಗಿದರು.

*

ಮೊದಲ ಬೆಳಗ್ಗೆ ಹಾಲು ಕಾಯಿಸಲು ಅತ್ತೆಯೂ ನಾನೂ ಕೆಳಗೆ ಹೋದೆವು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಸಿಂಕು ಒಣಗಿ ಹೊಳೆಯುತ್ತಿತ್ತು. ನಲ್ಲಿಯ ಕತ್ತಿಗೆ ಒರೆಸುವ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಸಿಕ್ಕಿಸಿದ್ದರು. ಚೂಪು ತುದಿಯಿಂದ ಒಂದೊಂದೇ ಹನಿ ಬೀಳುತ್ತಿತ್ತು.

ಅತ್ತೆ ನಿಂತುಬಿಟ್ಟರು. ಆಮೇಲೆ ಹೋಗಿ ಬಟ್ಟೆಯನ್ನು ಎಳೆದು, ಬಿಡಿಸಿ, ಕಂಬಿಯ ಮೇಲೆ ಚಪ್ಪಟೆಯಾಗಿ ಹರವಿದರು.

"ನೀವೇ ರಾತ್ರಿ ಮಡಚಿಟ್ಟಿದ್ರಾ ಅತ್ತೆ?"

"ಇನ್ಯಾರು ಮಡಚ್ತಾರೆ?" ಎಂದರು. ರಾತ್ರಿ ಊಟಕ್ಕೆ ನಾವು ಬಸ್ಸಿನಲ್ಲಿ ಉಳಿದ ಬ್ರೆಡ್ಡು ತಿಂದಿದ್ದೆವು. ಅವರು ಅಡುಗೆಮನೆಗೆ ಕಾಲಿಟ್ಟಿರಲೇ ಇಲ್ಲ.

ಎರಡನೆಯ ದಿನವೂ ಬಟ್ಟೆ ತ್ರಿಕೋನವಾಗಿತ್ತು. ಅತ್ತೆ ಬಿಡಿಸಿ ಹರವಿದರು. ಆ ದಿನ ಮಕ್ಕಳೂ ಜೊತೆಗೆ ಬಂದಿದ್ದರು. ನಮ್ಮ ಕಪಾಟಿನ ಎಲ್ಲಕ್ಕಿಂತ ಕೆಳಗಿನ ಹಲಗೆಯ ಮೇಲೆ, ಗುಂಡುವಿನ ಕೈಗೆಟುಕುವ ಕಡೆ, ಅವರಿಬ್ಬರ ಲೋಟಗಳಿದ್ದವು. ಕಡ್ಡಿ ಬಗ್ಗಿ ತನ್ನ ಲೋಟ ಎತ್ತಿಕೊಂಡಳು. ಒಳಗೆ ನೋಡಿದವಳು ಹಾಗೇ ಬಗ್ಗಿದ ಭಂಗಿಯಲ್ಲೇ ಉಳಿದಳು.

"ಏನೇ ಅದು, ಜಿರಳೆನಾ?" ಎಂದೆ.

ಗುಂಡು ತನ್ನ ಲೋಟದೊಳಗೆ ಬೆರಳು ಹಾಕಿ ನೆಕ್ಕಿದ. "ಸಕ್ಕರೆ! ಚಿಕ್ಕಪ್ಪ ಸಕ್ಕರೆ!"

ಕಡ್ಡಿ ಅವನ ಕೈ ಹಿಡಿದೆಳೆದು ನಲ್ಲಿಯ ಕೆಳಗೆ ಒಡ್ಡಿದಳು. ಬೆರಳು ತೊಳೆದಳು, ಬಾಯಿ ತೊಳೆದಳು. ಅವನು ಕಿರುಚುತ್ತಿದ್ದ. ಇಬ್ಬರ ಲೋಟಗಳನ್ನೂ ಸೋಪು ಹಾಕಿ ಮತ್ತೆ ಮತ್ತೆ ತೊಳೆದಳು. ತೋಳಿನ ತನಕ ಅಂಗಿ ಒದ್ದೆಯಾಗಿತ್ತು.

"ಹೋದವರು ಯಾರೋ ಬಿಟ್ಟಿರ್ತಾರೆ," ಎಂದರು ಅತ್ತೆ. ಅವರ ದನಿ ಅವರದಾಗಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಲಾಂಡ್ರಿಯಲ್ಲಿ ಒಂದು ಅಂಗಿಯನ್ನೂ ಸುಡದೆ ಬಂದ ಹೆಂಗಸು ಎದುರಿಗೇ ನಿಂತು ನೋಡುತ್ತಿದ್ದರು.

ಅಂದು ಮಧ್ಯಾಹ್ನ ಮಳೆ ಹಿಡಿಯಿತು. ಸಮುದ್ರದ ಕಡೆ ಹೋಗಲಾಗದೆ ಮಕ್ಕಳು ಓಣಿಯಲ್ಲಿ ಚೆಂಡು ಉರುಳಿಸಿ ಆಡುತ್ತಿದ್ದರು. ಓಣಿಯ ಕೊನೆಗೆ ಪಾತ್ರೆ ತೊಳೆಯುವ ಕೋಣೆ. ಅಲ್ಲಿಗೆ ಅತಿಥಿಗಳು ಹೋಗುವಂತಿಲ್ಲ. ಶಾಲೆಯ ಮಕ್ಕಳ ಗುಂಪುಗಳು ಬಂದಾಗ ಊಟದ ಕೋಣೆಯ ತಟ್ಟೆಗಳೆಲ್ಲ ಅಲ್ಲಿಗೇ ಹೋಗುತ್ತವೆ. ಅದರ ಬಾಗಿಲಿಗೆ ಮುಖದಷ್ಟಗಲದ ಒಂದು ದುಂಡನೆಯ ಗಾಜು.

ಚೆಂಡು ತರಲು ಹೋದ ಕಡ್ಡಿ ಬರಲಿಲ್ಲ. ನಾನು ಹರಿದ ಚಡ್ಡಿಯೊಂದಕ್ಕೆ ಹೊಲಿಗೆ ಹಾಕುತ್ತಿದ್ದವಳು ತಲೆಯೆತ್ತಿ ನೋಡಿದೆ. ಅವಳು ತುದಿಗಾಲಲ್ಲಿ ನಿಂತು ಗಾಜಿನೊಳಗೆ ನೋಡುತ್ತಿದ್ದಳು. ಎರಡು ಕೈಗಳೂ ಬಾಗಿಲಿನ ಮೇಲಿದ್ದವು. ನಾನು ಕರೆದೆ. ತಿರುಗಿದಳು. ಮುಖದಲ್ಲಿ ರಕ್ತವಿರಲಿಲ್ಲ.

"ಯಾರಿದಾರೆ ಅಲ್ಲಿ?"

"ಯಾರೂ ಇಲ್ಲ," ಎಂದಳು. "ಹೊಗೆ ಇದೆ."

ಗುಂಡು ಓಡಿ ಹೋಗಿ ತನ್ನನ್ನೂ ಎತ್ತಿ ತೋರಿಸು ಎಂದು ಬಾಗಿಲಿಗೆ ಬಡಿದ. ಅವಳು ಅವನ ಸೊಂಟ ಹಿಡಿದು ಎಳೆದುಕೊಂಡು ಬಂದಳು. ಚೆಂಡನ್ನು ಅಲ್ಲೇ ಬಿಟ್ಟಿದ್ದಳು.

ಅವರು ಮೆಟ್ಟಿಲು ಹತ್ತಿದ ಮೇಲೆ ನಾನು ಹೋಗಿ ನೋಡಿದೆ. ಒಳಗೆ ಬಿಸಿನೀರಿನ ಆವಿ ದಟ್ಟವಾಗಿತ್ತು. ಅದರ ನಡುವೆ ಒಬ್ಬನ ಬೆನ್ನು. ಅಂಗಿಯ ತೋಳು ಮೊಣಕೈ ಮೇಲಕ್ಕೆ ಮಡಚಿತ್ತು, ಅಂಚಿಗೆ ಅಂಚು ಕೂಡಿತ್ತು. ಸಣ್ಣಗೆ ಸಿಳ್ಳೆ ಹಾಕುತ್ತ ತಟ್ಟೆಗಳನ್ನು ಜೋಡಿಸುತ್ತಿದ್ದ.

ನನ್ನ ಮೈದುನ ಸೊರಗಿದ್ದ.

*

"ನಂಗೆ ಗೊತ್ತು," ಎಂದರು ಇವರು. ಕೆಟ್ಟ ಲಿಫ್ಟಿನೊಳಗೆ ಟಾರ್ಚು ಹಿಡಿದು ಕೂತಿದ್ದರು; ಕೊನೆಗೂ ಮುಟ್ಟಿದ್ದರು. "ಮೊದಲನೇ ದಿನವೇ ವಾರ್ಡನ್ ಹೇಳಿದ್ಳು. ಇಲ್ಲಿ ಕೆಲಸಕ್ಕೆ ಸೇರಿದಾನೆ. ಮಲಗೋಕೂ ಜಾಗ ಕೊಟ್ಟಿದಾರೆ. ನಾವು ಬರ್ತೀವಿ ಅಂತ ಅವನಿಗೆ ಗೊತ್ತಿತ್ತಲ್ಲ."

"ಮಾತಾಡಿದ್ರಾ?"

"ಹಿತ್ತಿಲ ಬಾಗಿಲಲ್ಲಿ. ಅಮ್ಮ ಕರೆದ್ರೆ ಬರ್ತೀನಿ ಅಂದ. ಕರೀದೆ ಎದುರಿಗೆ ಬರಲ್ಲ ಅಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅಮ್ಮನಿಗೆ ಹೇಳ್ತೀಯ. ಅಮ್ಮ ಚೀಲ ಎತ್ಕೊಂಡು ಬಸ್ ಸ್ಟಾಂಡಿಗೆ ನಡೀತಾಳೆ. ಮಕ್ಕಳ ರಜಾ ಮುಗೀಲಿ ಅಂತ."

"ಅತ್ತೆಗೂ ಗೊತ್ತು. ನಿಮ್ಮಮ್ಮ ದಿನಾ ಬೆಳಗ್ಗೆ ಆ ಬಟ್ಟೆ ಬಿಡಿಸ್ತಾರೆ, ಅವನು ದಿನಾ ಮಡಚ್ತಾನೆ."

ಇವರು ಟಾರ್ಚು ಆರಿಸಿದರು. "ಅಂದ್ರೆ ಎಲ್ಲಾರಿಗೂ ಗೊತ್ತು."

"ಮಕ್ಕಳಿಗೆ ಹೇಳ್ಬೇಕು. ಕಡ್ಡಿ ನೋಡಿರೋ ಹಾಗಿದೆ. ಏನೂ ತಿಂತಿಲ್ಲ ಅವಳು."

"ಹೇಳಿದ್ರೆ ಓಡಿಹೋಗಿ ತಬ್ಕೋತಾಳೆ. ಆಮೇಲೆ ಅಮ್ಮ?" ಎಂದರು. "ಮನೆಗೆ ಹೋದ ಮೇಲೆ ನಿಧಾನಕ್ಕೆ ಹೇಳೋಣ. ಒಂದು ದಿನದ ಮಾತು."

ಅಂದು ಸಂಜೆ ಊಟಕ್ಕೆ ಆಲೂಗಡ್ಡೆ ಸೂಪು ಮಾಡಿದ್ದೆ. ಕಡ್ಡಿ ತನ್ನ ಬ್ರೆಡ್ಡಿನ ಅರ್ಧ ಮುರಿದು ಕರವಸ್ತ್ರದಲ್ಲಿ ಸುತ್ತಿದಳು.

"ಯಾರಿಗೆ ಅದು?" ಎಂದರು ಅತ್ತೆ.

"ನಂಗೇ. ಆಮೇಲೆ ತಿಂತೀನಿ."

ಮಕ್ಕಳನ್ನು ಮಲಗಿಸುವಾಗ ನೋಡಿದೆ. ಆ ಬ್ರೆಡ್ಡು ಕಿಟಕಿಯ ಪಕ್ಕದ ಖಾಲಿ ಮಂಚದ ದಿಂಬಿನ ಮೇಲಿತ್ತು. ಅತ್ತೆಯೂ ನೋಡಿದರು. ನಾನು ಬಾಯಿ ತೆರೆದೆ.

"ಏನೂ ಹೇಳ್ಬೇಡ," ಎಂದರು ಅತ್ತೆ ಪಿಸುದನಿಯಲ್ಲಿ. "ನಂಗೇನೂ ಹೇಳ್ಬೇಡ."

"ನಾನು ನಿಮಗೆ ಹೇಳೋಕೆ ಹೊರಟಿದ್ದಲ್ಲ ಅತ್ತೆ. ಕೇಳೋಕೆ ಹೊರಟಿದ್ದೆ."

"ಅದೂ ಬೇಡ." ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಆದರೆ ಮರುದಿನ ಬೆಳಗ್ಗೆ ನಲ್ಲಿಯ ಮೇಲಿನ ತ್ರಿಕೋನವನ್ನು ಬಿಡಿಸಲಿಲ್ಲ. ಅದರ ಒಂದು ಅಂಚು ಸ್ವಲ್ಪ ಜಾರಿತ್ತು. ಬೆರಳಿನಿಂದ ಒತ್ತಿ ಸರಿಮಾಡಿ, ಸೆರಗಿಗೆ ಕೈ ಒರೆಸಿಕೊಂಡರು.

*

ಹೊರಡುವ ದಿನ ಬಿಸಿಲು ಬಂದಿತ್ತು. ಹಾಸಿಗೆ ಬಟ್ಟೆಗಳನ್ನೆಲ್ಲ ಬಿಚ್ಚಿ ಕಟ್ಟಿದೆವು. ಕಿಟಕಿ ಪಕ್ಕದ ಮಂಚದ್ದನ್ನು ಕಡ್ಡಿಯೇ ಬಿಚ್ಚಿದಳು. ಸುಕ್ಕಿಲ್ಲದ ದುಪ್ಪಟಿಯನ್ನು ಅಂಗೈಯಲ್ಲಿ ಸವರಿ, ಒಣಗಿದ ಬ್ರೆಡ್ಡಿನ ತುಂಡನ್ನು ನೋಡಿ, ಮತ್ತೆ ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡಳು.

ಕೆಳಗೆ ವಾರ್ಡನ್ ಕೆಲಸ ಹಂಚುತ್ತಿದ್ದಳು. ಪಕ್ಕದ ಕೋಣೆಯವರಿಗೆ ಮೆಟ್ಟಿಲು ಗುಡಿಸುವುದು ಬಂತು. ನಮ್ಮ ಕಡೆ ತಿರುಗಿ ಸ್ವಲ್ಪ ತಡೆದಳು. "ನೀವು ತಿಂಡಿ ತಟ್ಟೆಗಳ ತೊಟ್ಟಿಯನ್ನ ಪಾತ್ರೆ ಕೋಣೆಗೆ ತಲುಪಿಸಿ," ಎಂದಳು. ಬೇಕೆಂದೇ ಹೇಳಿದಳೋ, ಉಳಿದಿದ್ದ ಕೆಲಸ ಅದೊಂದೇ ಆಗಿತ್ತೋ.

ಇವರು ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ.

"ನೀವು ಇಲ್ಲೇ ಚೀಲದ ಹತ್ರ ಕೂತಿರಿ ಅತ್ತೆ. ನಾವಿಬ್ಬರೂ ಹೋಗಿ ಬರ್ತೀವಿ," ಎಂದೆ.

"ಯಾಕೆ, ನನ್ನ ಕೈ ಮುರಿದೋಗಿದೆಯಾ?" ಅತ್ತೆ ಬಗ್ಗಿ ತೊಟ್ಟಿಯ ಒಂದು ಹಿಡಿ ಹಿಡಿದರು. ಇವರು ತಕ್ಷಣ ಇನ್ನೊಂದು ಹಿಡಿದರು. ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದಾದವು. ಅತ್ತೆಯ ಉಸಿರು ಜೋರಾಗಿತ್ತು. ಭಾರಕ್ಕೆಂದು ಯಾರಾದರೂ ಅಂದುಕೊಳ್ಳಬಹುದಿತ್ತು.

ಓಣಿಯ ಅರ್ಧಕ್ಕೆ ಬಂದಾಗ ಕಡ್ಡಿ ನಮ್ಮನ್ನು ದಾಟಿ ಮುಂದೆ ಓಡಿದಳು. ಪಾತ್ರೆ ಕೋಣೆಯ ಬಾಗಿಲಿಗೆ ಬೆನ್ನು ಹಚ್ಚಿ, ಎರಡೂ ಕೈ ಚಾಚಿ ನಿಂತಳು. ಅವಳ ತಲೆಯ ಮೇಲೆ ಆ ದುಂಡನೆಯ ಗಾಜು, ಆವಿಯಿಂದ ಬೆಳ್ಳಗಾಗಿತ್ತು. ಒಳಗೆ ನಲ್ಲಿ ಸುರಿಯುವ ಸದ್ದು, ತಟ್ಟೆಯ ಸದ್ದು.

"ಜರುಗು ಪುಟ್ಟಿ, ಭಾರ ಇದೆ," ಎಂದರು ಇವರು.

"ಇಲ್ಲ. ಅಜ್ಜಿ ಒಳಗೆ ಹೋಗ್ಬಾರ್ದು."

"ಯಾಕೆ?"

"ಹೋಗ್ಬಾರ್ದು. ನೀನೂ ಹೋಗ್ಬಾರ್ದು. ಆಮೇಲೆ ನೀವೂ ದೂರ ಕೆಲಸಕ್ಕೆ ಹೋಗ್ತೀರ."

ಗುಂಡು ನನ್ನ ಕಾಲ ಸಂದಿಯಿಂದ ಇಣುಕಿ, "ಚಿಕ್ಕಪ್ಪಾ!" ಎಂದು ಕೂಗಿದ. ಯಾರೂ ಅವನ ಬಾಯಿ ಮುಚ್ಚಲಿಲ್ಲ.

ಒಳಗೆ ತಟ್ಟೆಯ ಸದ್ದು ನಿಂತಿತು. ನಲ್ಲಿಯ ನೀರೂ ನಿಂತಿತು.

ಅತ್ತೆ ತೊಟ್ಟಿಯನ್ನು ನೆಲಕ್ಕೆ ಇಳಿಸಿದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತು, ಮೊಮ್ಮಗಳ ಮುಖಕ್ಕೆ ಮುಖ ಕೊಟ್ಟರು. ಚಾಚಿದ ಆ ಕೈಗಳನ್ನು ಕೆಳಗಿಳಿಸಲು ಹೋದರು. ಅವು ಇಳಿಯಲಿಲ್ಲ.

"ಏನಾಯ್ತೇ ನನ್ನ ಕಂದ? ಏನು ಹೇಳು. ನಾನು ಎದ್ದು ಹೋಗಲ್ಲ."

ಕಡ್ಡಿಯ ಬೆನ್ನ ಹಿಂದೆ, ಗಾಜಿನ ಮೇಲಿನ ಆವಿಯನ್ನು ಒಳಗಿನಿಂದ ಒಂದು ಕೈ ಮೆಲ್ಲಗೆ ಒರೆಸುತ್ತಿತ್ತು. ಅದು ಅವಳಿಗೆ ಕಾಣುತ್ತಿರಲಿಲ್ಲ.

"ಸಾಯೋವರೆಗೂ ತೊಳ್ಕೊಂಡಿರು ಅಂತ ತಾನೇ ನೀನು ಅಂದಿದ್ದು, ಅಜ್ಜಿ?" ಎಂದಳು. "ಮತ್ತೆ, ಸತ್ತೋದ ಮೇಲೂ ಚಿಕ್ಕಪ್ಪ ಯಾಕೆ ಪಾತ್ರೆ ತೊಳೀತಿದಾನೆ?"